ಬಾವಿ ಬಯಲಿನ ಮುನ್ನೂರು ಸಹಿ

ಎರಡು ದಿನದಿಂದ ಕಾಣೆಯಾಗಿದ್ದ ಮುನಿಯಣ್ಣನ ಹೆಣ ೧೯೮೪ರ ಆಷಾಢದ ಒಂದು ಬೆಳಿಗ್ಗೆ ಬಾಗಲಗುಂಟೆಯ ಪಾಳುಬಾವಿಯಲ್ಲಿ ತೇಲುತ್ತಿತ್ತು. ಆತ ಪೀಣ್ಯದ ಫ್ಯಾಕ್ಟರಿಯಲ್ಲಿ ಲೇತ್ ಕೆಲಸಗಾರ. ಬಾವಿಯ ಸುತ್ತಲಿನ ಬಯಲಿನಲ್ಲಿ ದೊಡ್ಡ ಸೈಟಿನ ಒಂಟಿ ಮನೆಗಳಿಗಷ್ಟೇ ಅನುಮತಿಯಿತ್ತು. ಆ ನಿಯಮ ಬದಲಿಸಿ, ಕಾರ್ಮಿಕರ ಸಣ್ಣ ಮನೆ, ಸಾಲುಮನೆಗಳಿಗೂ ಅವಕಾಶ ಕೊಡಿ ಎಂದು ಆತ ಅರ್ಜಿ ಬರೆದು ಮುನ್ನೂರು ಜನರ ಸಹಿ ಹಾಕಿಸಿದ್ದ.

ಹಗ್ಗ ಹಿಡಿದು ಬಾವಿಗೆ ಇಳಿದವನು ಪಕ್ಕದ ಮನೆಯ ರಾಮಯ್ಯ. ಮೇಲೆ ಹೆಣವನ್ನು ಮಲಗಿಸಿ ಜೇಬು ತಡಕಿದವರು ಗೋಪಾಲಪ್ಪ. ಅವರು ಊರಿನ ಹಳೆಯ ಜಮೀನುದಾರರು, ಕಾರ್ಮಿಕರು ತುಂಬಿದ್ದ ನಲವತ್ತು ಬಾಡಿಗೆ ಕೋಣೆಗಳ ಒಡೆಯರು. ಫ್ಯಾಕ್ಟರಿ ಪಾಸು, ಜೊತೆಗೊಂದು ಚೀಟಿ ಸಿಕ್ಕಿತೆಂದು ಚೀಟಿಯನ್ನು ಗಟ್ಟಿಯಾಗಿ ಓದಿದರು: "ಇಲ್ಲಿ ಮನೆ ಬೇಡ. ಬಾವಿಯೊಳಗಿನವಳು ನನ್ನನ್ನು ಕರೆಯುತ್ತಿದ್ದಾಳೆ."

ಸಂಜೆಯೊಳಗೆ ಜನ ದೆವ್ವದ ಭಯಕ್ಕೆ ಅರ್ಜಿಯಿಂದ ತಮ್ಮ ಸಹಿ ಹೊಡೆದುಹಾಕಿಸಲು ಸಾಲುಗಟ್ಟಿದರು. ಆ ಕಡೆಯ ಕಿಟಕಿಗಳನ್ನು ಯಾರೂ ತೆರೆಯಲಿಲ್ಲ. ನನಗೂ ಅತ್ತಲಿಂದ ಹೆಂಗಸೊಬ್ಬಳ ದನಿ ಕೇಳಿದಂತಾಗುತ್ತಿತ್ತು.

ನಾನು ಸೊಣ್ಣಮ್ಮ. ನಿವೃತ್ತ ಮುಖ್ಯೋಪಾಧ್ಯಾಯಿನಿ ಈಶ್ವರಮ್ಮನವರ ಜೊತೆಗಿದ್ದವಳು. ಊರಿನಲ್ಲಿ ಯಾರಿಗೂ ಬಗೆಹರಿಯದ ಸಂಗತಿಗಳು ಕೊನೆಗೆ ಅವರ ಜಗಲಿಗೇ ಬರುತ್ತಿದ್ದವು. ಮುನಿಯಣ್ಣನ ಹೆಂಡತಿ ಅಂಜನಮ್ಮನೂ ಬಂದಳು.

"ನಂಗೆ ಅಕ್ಸರ ಗೊತ್ತಿಲ್ಲ ಟೀಚರಮ್ಮ. ಆದ್ರೆ ನಮ್ಮೋರು ದೆವ್ವಕ್ಕೆ ಎದರೋರಲ್ಲ."

ಈಶ್ವರಮ್ಮ ನನ್ನನ್ನು ಕರೆದುಕೊಂಡು ಠಾಣೆಗೆ ಹೋದರು. ಪಾಸಿನಲ್ಲಿ ಶಾಯಿಯಿಂದ ಬರೆದ ಹೆಸರು ನೀಲಿ ಕಲೆಯಾಗಿತ್ತು. ಚೀಟಿಯ ಅಂಚಿನಲ್ಲಿ ಮಾತ್ರ ನೆಂದ ಗುರುತಿತ್ತು. ಅದರ ಬರಹವೂ ಶಾಯಿಯದೇ, ಆದರೆ ಒಂದಕ್ಷರವೂ ಕದಡಿರಲಿಲ್ಲ.

ಮರುದಿನ ಈಶ್ವರಮ್ಮ ಇನ್ಸ್‌ಪೆಕ್ಟರೂ ಸೇರಿದಂತೆ ಎಲ್ಲರನ್ನೂ ಜಗಲಿಗೆ ಕರೆಸಿದರು.

"ಎರಡೂ ಒಂದೇ ಜೇಬಲ್ಲಿದ್ವು ಅಂತೀರಿ. ಪಾಸು ತೊಳೆದುಹೋಯ್ತು, ಚೀಟಿ ಯಾಕೆ ಹೋಗ್ಲಿಲ್ಲ? ಅದು ಬಾವಿಗೆ ಇಳಿದೇ ಇಲ್ಲ, ಹೆಣ ಮೇಲೆ ಬಂದಮೇಲೆ ಸೇರಿಸಿದ್ದು. ಹೆಣ ಮುಟ್ಟಿದವರು ಇಬ್ಬರೇ. ರಾಮಯ್ಯ ತಲೆತನಕ ನೆಂದಿದ್ದ, ಅವನ ಹತ್ರ ಇದ್ದಿದ್ರೆ ಇದೂ ಅಳಿಸಿಹೋಗ್ತಿತ್ತು. ಇನ್ನುಳಿದವರು ನೀವು, ಗೋಪಾಲಪ್ಪನವರೇ. ಹೆಣ ಸಿಗೋ ಮೊದಲೇ ಚೀಟಿ ಬರೆದಿಟ್ಟುಕೊಂಡಿದ್ರಿ. ಅವನು ಬಾವೀಲಿದ್ದಾನೆ ಅಂತ ನಿಮಗೆ ಹೇಗೆ ಗೊತ್ತಿತ್ತು?"

ಗೋಪಾಲಪ್ಪ ಅಂಜನಮ್ಮನ ಕಡೆ ತಿರುಗಿದರು.

"ಸಣ್ಣ ಮನೆ ಬಂದ್ರೆ ನನ್ನ ಕೋಣೆಗೋಳಿಗೆ ಯಾರು ಬತ್ತಾರೆ? ಅರ್ಜಿ ಬುಡು ಅಂದೆ. ಬುಡಕಿಲ್ಲ ಅಂದ. ತಳ್ಬುಟ್ಟೆ."

"ನಮ್ಮೋರು ಕೂಗ್ಕೊಂಡ್ರಾ?" ಅಂಜನಮ್ಮ ಕೇಳಿದಳು.

"ಅಣ್ಣಾ ಅಂತ ನನ್ನೇ ಕೂಗ್ದ. ಬೋ ಹೊತ್ತು. ಈಗ್ಲೂ ಕೇಳುಸ್ತದೆ ಕಣವ್ವ."

ಜನ ನಾಚಿಕೊಂಡು ಮತ್ತೆ ಸಹಿ ಹಾಕಿದರು. ಅರ್ಜಿಯನ್ನು ಕಚೇರಿಗೆ ಒಯ್ದವಳು ಅಂಜನಮ್ಮನೇ. ಎರಡು ವರ್ಷದ ಮೇಲೆ ನಿಯಮ ಬದಲಾಗಿ ಸಾಲುಮನೆಗಳಿಗೆ ಪಾಯ ತೆಗೆದ ದಿನ ಅವಳು ವರ್ತೂರಿನ ತವರಿನಿಂದ ಬಂದಿದ್ದಳು. ಮೊದಲ ಮನೆ ನಿನಗೇ ಎಂದು ಎಲ್ಲರೂ ಹೇಳಿದರು. ಅವಳು "ಬ್ಯಾಡ, ಆ ಕೂಗು ಇಲ್ಲಿ ನಂಗೂ ಕೇಳುಸ್ತದೆ" ಎಂದು, ಅಗೆದ ಮಣ್ಣನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದು, ಬಸ್ಸು ಹತ್ತಿದಳು.