ಕಂಬಳಿ ಗದ್ದುಗೆಯ ಮೇಲೊಂದು ಸೀನು

ಗುರುವಾರ ಸಂಜೆ ರಂಜನನ ಫೋನು ಮತ್ತೆ ಸ್ವಿಚ್ ಆಫ್. ಕಂಪನಿಯಲ್ಲಿ ಓವರ್‌ಟೈಮ್ ಎಂದು ಹೇಳಿದ್ದ. ಆದರೆ ಅವನು ಬೆಳಕಿರುವಾಗಲೇ ರಬಾಳೆ ಸ್ಟೇಷನ್ನಿನಲ್ಲಿ ವಾಶಿ ಲೋಕಲ್ ರೈಲು ಹತ್ತಿದ್ದನ್ನು ಮಯೂರಿ ಕಣ್ಣಾರೆ ಕಂಡಳು. ಪಕ್ಕದ ಲೇಡೀಸ್ ಡಬ್ಬಿಯಲ್ಲಿ ನಿಂತು ಹಲ್ಲು ಕಡಿದಳು.

ಅನುಮಾನ ಅವಳಿಗೆ ತಂದೆಯಿಂದ ಬಂದ ಆಸ್ತಿ. ಬಾಳಪ್ಪ ವಾಶಿ ಮಾರ್ಕೆಟ್ಟಿನ ಮೆಣಸಿನಕಾಯಿ ವ್ಯಾಪಾರಿ. ಒಂದು ಕಾಯಿ ಮುರಿದು ಮೂಸದೆ, ದೇವರೇ ಹೊತ್ತು ತಂದರೂ ಚೀಲ ಇಳಿಸಿಕೊಳ್ಳುವವನಲ್ಲ. "ನೀನು ನಕ್ಕರೆ ಚಂದ ಕಾಣ್ತಿ" ಎಂದು ರಂಜನ್ ಮೊದಲ ಸಲ ಹೇಳಿದಾಗ ಮಯೂರಿ ಕೇಳಿದ್ದೂ ಅಷ್ಟೇ: "ಇದನ್ನ ಎಷ್ಟ ಮಂದಿಗೆ ಹೇಳೀದಿ?"

ಅವನಿಗೆ ಆ ಖಾರವೇ ಹಿಡಿಸಿತ್ತು. ಕಳೆದ ಚಳಿಗಾಲದಲ್ಲಿ ಉಡುಪಿಯಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡು ಮದುವೆಯ ಮಾತುಕತೆಗೆ ಬಂದಿದ್ದ. ಬಾಳಪ್ಪ ಟ್ರಂಕಿನಿಂದ ತನ್ನ ಅಜ್ಜನ ಕಾಲದ ಕರಿಕಂಬಳಿ ತೆಗೆದು ಹಾಸಿದ. ಆ ಗದ್ದುಗೆ ಇಲ್ಲದೆ ಅವರ ಮನೆಯಲ್ಲಿ ಶುಭಕಾರ್ಯವಿಲ್ಲ. ಅದನ್ನು ಒಗೆಯುವುದಂತೂ ಮಹಾಪಾಪ.

ರಂಜನ್ ಕೂತ. ತಾಂಬೂಲಕ್ಕೆ ಕೈ ಚಾಚಿದ. ಸೀನಿದ. ಮತ್ತೆ ಸೀನಿದ. ಕಣ್ಣು ಕೆಂಪಾಗಿ, ಮೂಗು ಸೋರಿ, ಕರವಸ್ತ್ರ ಒದ್ದೆಯಾದರೂ ನಿಲ್ಲಲಿಲ್ಲ.

"ತಾಂಬೂಲಕ್ಕ ಒಂಟಿ ಸೀನು ಕೇಡು, ಜೋಡಿ ಸೀನು ಚಲೋ," ಎಂದ ಬಾಳಪ್ಪ, ತಟ್ಟೆಯನ್ನು ಹಿಂದಕ್ಕೆಳೆದು. "ಇದಕ್ಕ ಲೆಕ್ಕಾನ ಇಲ್ಲ! ಮುಂದಿನ ವರ್ಷ ನೋಡೂಣ್ರಿ. ಆಗೂ ಹಿಂಗ ಆದ್ರ, ಹುಡುಗಿಗೆ ಬ್ಯಾರೆ ಕಡೆ ನೋಡ್ತೀನಿ."

ಅಂದಿನಿಂದ ಮಯೂರಿ ಕಾಯುತ್ತಿದ್ದಳು. ಇವನು ನೋಡಿದರೆ ಗುರುವಾರ ಗುರುವಾರ ಮಾಯ!

ರಂಜನ್ ಆ ಲೋಕಲ್‌ನಿಂದ ಸಾನಪಾಡಾದಲ್ಲಿ ಇಳಿದು, ಮೆಡಿಕಲ್ ಅಂಗಡಿಯ ಮೇಲಿನ ಕ್ಲಿನಿಕ್ಕಿಗೆ ಹತ್ತಿದ. ಸ್ವಲ್ಪ ಹೊತ್ತು ಬಿಟ್ಟು ಮಯೂರಿಯೂ ಹತ್ತಿದಳು. ಗಾಜಿನ ಬಾಗಿಲಾಚೆ ಅವನು ಅಂಗಿಯ ತೋಳು ಮಡಿಚಿ ಕೂತಿದ್ದ. ನರ್ಸ್ ಹುಡುಗಿಯೊಬ್ಬಳು ಅವನ ತೋಳು ಹಿಡಿದಿದ್ದಳು. ಇಬ್ಬರೂ ನಗುತ್ತಿದ್ದರು.

ಬಾಗಿಲು ಧಡಾರನೆ ತೆರೆಯಿತು.

"ಓವರ್‌ಟೈಮ್ ಭಾಳ ಜೋರ ನಡದೈತಿ!"

ರಂಜನ್ ಗಾಬರಿಯಾಗಿ ಎದ್ದ. ನರ್ಸ್ ಅವನ ಭುಜ ಒತ್ತಿ ಕೂರಿಸಿದಳು. ವಾಶಿ ಪಕ್ಕದ ಕೋಪರಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ ನಿಕಿತಾ ಅವಳು; ಮಾತಲ್ಲಿ ಅರ್ಧ ಹಿಂದಿ. "ಉಠ್ನಾ ನಹೀ! ಇಂಜೆಕ್ಷನ್ ಆದ್ಮೇಲೆ ಆಧಾ ಘಂಟಾ ಇಲ್ಲೇ ಕೂರ್ಬೇಕು. ರಿಯಾಕ್ಷನ್ ಆದ್ರೆ? ಮೇಡಂ, ನೀವೂ ಕೂತ್ಕೊಳ್ಳಿ. ಕೂತೇ ಬೈಯಿರಿ."

ಮಯೂರಿ ಅವನತ್ತ ಬಗ್ಗಿದಳು. "ಏನ ರೋಗ ನಿನಗ? ಖರೆ ಹೇಳು."

"ನಿಮ್ಮ ಕಂಬಳಿ, ಮಾರಾಯ್ತಿ."

"ಚಾಷ್ಟಿ ಸಾಕು."

"ತಮಾಷೆ ಅಲ್ಲ. ಹಳೆ ಕಂಬಳಿ, ಹಾಸಿಗೆಯ ಧೂಳಲ್ಲಿ ಕಣ್ಣಿಗೆ ಕಾಣದ ಹುಳ ಉಂಟಂತೆ. ಕೈಮೇಲೆ ಏನೇನೋ ಹನಿ ಹಾಕಿ ಚುಚ್ಚಿ ನೋಡಿದ್ರು. ಆ ಹುಳದ ಹನಿ ಹಾಕಿದ ಜಾಗ ಮಾತ್ರ ದದ್ದು ಎದ್ದಿತು. ಈಗ ಅದರದ್ದೇ ಸತ್ವವನ್ನು ತೆಳ್ಳಗೆ ಮಾಡಿ ಚುಚ್ಚುತ್ತಾರೆ. ವಾರ ವಾರ ಸ್ವಲ್ಪ ಹೆಚ್ಚು."

"ಯಾವುದು ಆಗಿ ಬರೂದಿಲ್ಲೋ ಅದನ್ನ ಮೈಯಾಗ ಹಾಕ್ತಾರ?" ಮಯೂರಿ ನಿಕಿತಾಳ ಕಡೆ ತಿರುಗಿದಳು. "ಯಾರನ್ನ ಮಂಗ್ಯಾ ಮಾಡ್ತೀರಿ? ಖಾರ ಹತ್ತಿದವನ ಬಾಯಾಗ ಇನ್ನಷ್ಟ ಮೆಣಸಿನಕಾಯಿ ತುರುಕಿದಂಗಾತು!"

"ನಿಮಗೆ ಈಗ ಖಾರ ಹತ್ತುತ್ತಾ?" ನಿಕಿತಾ ತಣ್ಣಗೆ ಕೇಳಿದಳು. "ಸಣ್ಣವರಿದ್ದಾಗಿಂದ ಥೋಡಾ ಥೋಡಾ ತಿಂದ್ರಿ, ನಾಲಿಗೆ ಒಪ್ಕೊಳ್ತು. ಇದೂ ಸುಮಾರು ಹಾಗೇ."

ಮೆಣಸಿನಕಾಯಿ ವ್ಯಾಪಾರಿಯ ಮಗಳು ತನ್ನ ನಾಲಿಗೆಯನ್ನೊಮ್ಮೆ ಚಪ್ಪರಿಸಿ ನೋಡಿಕೊಂಡಳು. ಆದರೂ ಬಿಡಲಿಲ್ಲ. "ಪೂರಾ ಹೋಗತದ?"

"ಗ್ಯಾರಂಟಿ ನಹೀ. ಬಹಳ ಜನಕ್ಕೆ ಕಮ್ಮಿ ಆಗ್ತದೆ, ಕೆಲವರಿಗೆ ಆಗೋದೇ ಇಲ್ಲ. ಕಮ್ಮಿ ಆದ್ರೂ ಮೂರು ವರ್ಷ ಬಿಡಬಾರದು. ಪಕ್ಕಾ ಹೋಗ್ತದೆ ಅಂತ ಯಾರಾದ್ರೂ ಹೇಳಿದ್ರೆ ಅವರು ಚೋರ್."

ತನ್ನ ಮಾಲಿನ ಹುಳುಕು ತಾನೇ ಹೇಳುವವನನ್ನು ನಂಬಬಹುದು ಎಂದು ಅಪ್ಪ ಹೇಳುತ್ತಿದ್ದ. ಮಯೂರಿ ಕುರ್ಚಿ ಎಳೆದು ಕೂತಳು. ಸೂಜಿ ಹೊಕ್ಕ ಜಾಗ ಕೆಂಪಗೆ ಊದಿತ್ತು. ಬೆರಳು ಮುಟ್ಟಲು ಹೋಗಿ, ಅಲ್ಲೇ ನಿಂತಿತು.

"ನನ್ನ ಹತ್ರ ಯಾಕ ಮುಚ್ಚಿಟ್ಟಿ?"

"ಕಮ್ಮಿ ಆಗದಿದ್ರೆ? ಸುಮ್ಮನೆ ನಿನಗೆ ಆಸೆ ಹುಟ್ಟಿಸಿದ ಹಾಗೆ ಆಗ್ತದೆ ಅಂತ..." ಅವನ ಕಣ್ಣು ನೆಲದ ಮೇಲಿತ್ತು.

"ಆಸಿ ಹುಟ್ಟಿಸಿದ್ದು ಇಂಜೆಕ್ಷನ್ ಅಲ್ಲಲೇ, ನೀನು." ಮುಖ ಆಚೆ ತಿರುಗಿಸಿಕೊಂಡೇ ಹೇಳಿದಳು. ಮರುಕ್ಷಣ ಈಚೆ ತಿರುಗಿದಳು. "ಮತ್ತ ಅಕಿ ಜೋಡಿ ಏನ ನಗತಿದ್ದಿ?"

"ನಿನ್ನಪ್ಪ ತಟ್ಟೆ ಎಳೆದದ್ದನ್ನು ಮಾಡಿ ತೋರಿಸ್ತಿದ್ದೆ."

ಮುಂದಿನ ಗುರುವಾರದಿಂದ ಆ ಅರ್ಧ ಗಂಟೆ ಅವರಿಬ್ಬರದಾಯಿತು. ಪ್ರೀತಿಗಿಂತ ಜಗಳವೇ ಹೆಚ್ಚು. ಮಳೆ ಮುಗಿಯುವ ಹೊತ್ತಿಗೆ ಇಂಜೆಕ್ಷನ್ ತಿಂಗಳಿಗೊಂದಕ್ಕೆ ಇಳಿದಿತ್ತು. ಒಂದು ದಿನ, ರೂಮಿನಲ್ಲಿ ಪಕ್ಕದವನು ಹಾಸಿಗೆ ಕೊಡವಿದರೂ ತಾನು ಸೀನಲಿಲ್ಲ ಎಂದು ರಂಜನ್ ಹಿಗ್ಗಿದ. "ಹಾಸಿಗಿ ಹೊಸಾದಿರಬೇಕು," ಎಂದಳು ಮಯೂರಿ.

ಚಳಿಗಾಲ ಬಂತು. ಮತ್ತೆ ಅದೇ ಕಂಬಳಿ, ಅದೇ ತಾಂಬೂಲ. ಬಾಳಪ್ಪನ ಕಣ್ಣು ರಂಜನನ ಮೂಗಿನ ಮೇಲೇ. ಅಡುಗೆಮನೆಯ ಬಾಗಿಲಲ್ಲಿ ನಿಂತ ಮಯೂರಿ ಸೆರಗು ಬಿಗಿಹಿಡಿದಿದ್ದಳು. ರಂಜನ್ ಕೂತ. ಕಣ್ಣು ಕೆಂಪಾಗಲಿಲ್ಲ. ಮೂಗು ಸೋರಲಿಲ್ಲ. ಅವನು ಅವಳತ್ತ ಒಂದೇ ಒಂದು ಕಳ್ಳನೋಟ ಬೀರಿ, ಕೈ ಚಾಚಿದ.

ಆಕ್ಷೀ!

ಒಂದೇ. ಅಷ್ಟು ದಿನ ಚುಚ್ಚಿಸಿಕೊಂಡದ್ದಕ್ಕೆ ಲೆಕ್ಕವಿಲ್ಲದ ಸೀನು ಒಂದಕ್ಕಿಳಿದಿತ್ತು. ಆ ಹಾಳು ಒಂದೇ ಕೇಡಿನದು!

ಬಾಳಪ್ಪನ ಕೈ ತಟ್ಟೆಯ ಕಡೆ ಸರಿಯಿತು.

ಆಕ್ಷೀ!

ಈ ಸಲ ಸೀನು ಬಂದದ್ದು ಅಡುಗೆಮನೆಯ ಬಾಗಿಲಿಂದ. ಮಯೂರಿಯ ಕಣ್ಣಲ್ಲಿ ನೀರು, ಮೂಗು ಕೆಂಪು. "ಅಪ್ಪಾ, ಜೋಡಿ ಆತಲ್ಲ!"

ಬಾಳಪ್ಪ ಎದ್ದು ಬಂದ. ಬಿಗಿದಿದ್ದ ಅವಳ ಮುಷ್ಟಿ ಬಿಡಿಸಿದ. ಅಂಗೈಯಲ್ಲಿ ಮುರಿದ ಮೆಣಸಿನಕಾಯಿ, ಬೀಜಗಳು. ಮೂಗಿನ ಹತ್ತಿರ ಹಿಡಿದು ಮೂಸಿದ.

"ಬ್ಯಾಡಗಿಗೆ ಇಷ್ಟು ಘಾಟಿಲ್ಲ. ಗುಂಟೂರ ಕಾಯಿ ಆರಿಸೀದಿ." ಮಗಳ ಮುಖವನ್ನೇ ನೋಡಿದ. "ಮಾಲು ತಿಳಿತೈತಿ ನಿನಗ." ಸೀದಾ ಹೋಗಿ ತಟ್ಟೆಯನ್ನು ರಂಜನನ ಕೈಗಿಟ್ಟ. "ಹಿಡೀರಿ ಅಳಿಯಂದಿರ. ಜೋಡಿ ಆಗೈತಿ."

ಬಟ್ಟಲು ಕೊಡುವ ನೆಪದಲ್ಲಿ ಮಯೂರಿ ಬಗ್ಗಿದಾಗ ರಂಜನ್ ಪಿಸುಗುಟ್ಟಿದ: "ನನ್ನ ಇಂಜೆಕ್ಷನ್ ಮೇಲೆ ನಂಬಿಕೆ ಇರಲಿಲ್ಲ ಅಲ್ವಾ ನಿನಗೆ? ಮೊದಲೇ ಮೆಣಸು ಹಿಡ್ಕೊಂಡು ನಿಂತಿದ್ದಿ."

"ಇಂಜೆಕ್ಷನ್ ಮ್ಯಾಲ ಇರಲಿಲ್ಲ," ಅಂದಳು ಅವಳು, ಮೂಗು ಒರೆಸಿಕೊಂಡು. "ನಿನ್ನ ಮ್ಯಾಲ ಇತ್ತು."