ಗಾಜಿನ ಬಟ್ಟಲಿನ ತಳದ ನೀರು

“ನಾಲ್ಕನೇ ಸಲ, ಮೇಸ್ತ್ರಿ!” ಎವಾಂಥಿಯಾ ಕಾರಿನ ಬಾಗಿಲನ್ನು ದಡಾರನೆ ಹಾಕಿದಳು. “ಒಂದೇ ತಿಂಗಳಲ್ಲಿ ನಾಲ್ಕನೇ ಸಲ ನಿಂತಿದೆ. ಮೂರು ಗಂಟೆಗೆ ನನ್ನ ಹಡಗು.”

ಕಾರು ರಿಪೇರಿಯ ಸ್ಟಮಾಟಿಸ್ ತಲೆ ಎತ್ತಲಿಲ್ಲ. ಹಳೆಯ ಹಸಿರು ಕಾರಿನ ಮೇಲೆ ಹಗ್ಗದಿಂದ ಬಿಗಿದಿದ್ದ ಎರಡು ಪೆಟ್ಟಿಗೆಗಳನ್ನು ಅವನು ಆಗಲೇ ನೋಡಿದ್ದ. ಅವಳು ಅಥೆನ್ಸಿನ ತಂಗಿಯ ಮನೆಗೆ ಹೊರಟಿದ್ದಾಳೆ, ಇನ್ನು ಸಾಮೋಸ್ ದ್ವೀಪಕ್ಕೆ ಮರಳುವುದಿಲ್ಲ ಎಂಬ ಸುದ್ದಿ ಬೆಳಗಿನ ಪೂಜೆಯ ಹೊತ್ತಿಗೇ ಚರ್ಚಿನ ಮೆಟ್ಟಿಲಿಳಿದು ಅವನ ಶೆಡ್ಡಿಗೆ ಬಂದಿತ್ತು. ಅವಳ ಗಂಡ ತೀರಿ ಐದು ವರ್ಷ. ಅದರಲ್ಲಿ ಮೂರು ವರ್ಷದಿಂದ ಅವನ ಗಂಟಲಲ್ಲಿ ಒಂದು ಮಾತು ಸಿಕ್ಕಿಕೊಂಡಿತ್ತು.

“ಊರವರು ಹೇಳೋದು ಸುಳ್ಳಲ್ಲ. ನಿಮ್ಮ ಕೈಗೆ ಕೊಟ್ಟ ಗಾಡಿ ನಿಲ್ಲದೆ ಇನ್ನೇನಾಗುತ್ತೆ!” ಎಂದಳು.

ಅವರ ಗ್ರೀಕ್ ಮಾತಿನಲ್ಲಿ ಸ್ಟಮಾಟಿಸ್ ಎಂಬ ಹೆಸರು ‘ನಿಲ್ಲು’ ಎಂಬ ಮಾತಿನಿಂದ ಬಂದದ್ದು. ನಲವತ್ತು ವರ್ಷದಿಂದ ಕೇಳುತ್ತ ಬಂದ ಹಾಸ್ಯ. ಇಂದು ಮಾತ್ರ ಚುಚ್ಚಿತು.

ಅವನು ಪೆಟ್ರೋಲಿನ ನಲ್ಲಿ ಮುಚ್ಚಿ, ಅದನ್ನು ಸೋಸುವ ಫಿಲ್ಟರಿನ ಕೆಳಗಿನ ತಿರುಪನ್ನು ಸಡಿಲಿಸಿ, ತಂತಿಯ ಕೊಂಡಿ ಸರಿಸಿ, ಗಾಜಿನ ಬಟ್ಟಲನ್ನು ಅಂಗೈಗೆ ಇಳಿಸಿಕೊಂಡ. ಬಿಸಿಲಿಗೆ ಹಿಡಿದ. ಮೇಲೆ ಹೊಂಬಣ್ಣದ ಪೆಟ್ರೋಲು, ತಳದಲ್ಲಿ ನೀರು.

“ಮತ್ತೆ ನೀರು,” ಎಂದ.

ಅವಳ ಮುಖ ಬಿಗಿಯಿತು. “ನನ್ನ ಕಣ್ಣು ನೋಡಿ ಹೇಳಿ. ನಾನು ಮತ್ತೆ ಮತ್ತೆ ಬರಲಿ ಅಂತ ನೀವೇ ಹಾಕ್ತಿದೀರಾ?”

ಅವನು ನೋಡಿದ. ತಲೆಗೆ ಕಟ್ಟಿದ ಕಪ್ಪು ವಸ್ತ್ರದ ಅಂಚಿನಲ್ಲಿ ಒಂದು ಬಿಳಿಗೂದಲು ಗಾಳಿಗೆ ಆಡುತ್ತಿತ್ತು. ಸಿಟ್ಟಿನ ಕಣ್ಣು ಒದ್ದೆಯಾಗಿತ್ತು.

“ನೀವು ಬರಲಿ ಅಂತ ದೇವರನ್ನ ಬೇಡಿಕೊಂಡಿದೀನಿ,” ಎಂದ. “ಗಾಡಿ ಕೆಡಿಸಿಲ್ಲ.”

ಅವಳು ಥಟ್ಟನೆ ಮುಖ ತಿರುಗಿಸಿದಳು.

ಅವನು ಬಟ್ಟಲಿನ ಮೇಲಿನ ಜಾಲರಿಯನ್ನು ಬಿಡಿಸಿದ. ಅದಕ್ಕೆ ಸಾಸಿವೆಯಷ್ಟು ಏನೋ ಅಂಟಿತ್ತು. ಉಗುರಿನಿಂದ ಬಿಡಿಸಿ ನೋಡಿದ. ಎಲೆಯ ಚೂರು. ಕಾಮಕಸ್ತೂರಿ.

ಪೆಟ್ರೋಲಿನಲ್ಲಿ ಕಾಮಕಸ್ತೂರಿಯೇ? ಆ ಊರಲ್ಲಿ ಅದನ್ನು ನೀರಿಗೆ ಅದ್ದುವುದು ಪಾದ್ರಿ ಒಬ್ಬರೇ, ಜನವರಿಯ ತೀರ್ಥದ ಹಬ್ಬದಲ್ಲಿ. ಆ ತೀರ್ಥವನ್ನು ಜನ ಸೀಸೆಯಲ್ಲಿ ಮನೆಗೆ ಒಯ್ದು ಇಟ್ಟುಕೊಳ್ಳುತ್ತಾರೆ.

“ಎವಾಂಥಿಯಾ ಅವರೇ,” ಎಂದು ಮೆಲ್ಲನೆ ಕೇಳಿದ, “ಟ್ಯಾಂಕಿಗೆ ತೀರ್ಥ ಹಾಕ್ತೀರಾ?”

ಅವಳು ತಲೆವಸ್ತ್ರದ ಗಂಟನ್ನು ಬಿಗಿ ಮಾಡಿಕೊಂಡಳು. “ಒಂದೇ ಚಮಚ,” ಎಂದಳು ಕೊನೆಗೆ. “ಹೊರಡುವಾಗೆಲ್ಲ. ಘಾಟಿ ರಸ್ತೆ, ಒಂಟಿ ಹೆಂಗಸು... ತೀರ್ಥ ಕೆಡುಕು ಮಾಡುತ್ತಾ?”

“ನಮಗೆ ಮಾಡಲ್ಲ. ಇಂಜಿನ್‌ಗೆ ಅದೂ ಬರೀ ನೀರೇ.” ಅವನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. “ಅಯ್ಯೋ, ಮೂರು ಸಲ ಚರಂಡಿಗೆ ಚೆಲ್ಲಿದೀನಿ!”

ಅವಳಿಗೆ ನಗು ತಡೆಯಲಾಗಲಿಲ್ಲ. “ಪಾಪಿ!”

“ಏನಂತ ಬೇಡಿಕೊಂಡು ಹಾಕ್ತಿದ್ರಿ?”

“ಎಲ್ಲಿ ಸೇರಿಸಬೇಕೋ ಅಲ್ಲಿ ಸೇರಿಸಪ್ಪಾ ಅಂತ.”

ಮಾತು ಬಾಯಿಂದ ಜಾರಿದ ಮೇಲೆ ಅದರ ಅರ್ಥ ಇಬ್ಬರಿಗೂ ಒಟ್ಟಿಗೇ ತಟ್ಟಿತು. ಗಾಡಿ ನಾಲ್ಕು ಸಲವೂ ಬಂದು ನಿಂತದ್ದು ಇದೇ ಶೆಡ್ಡಿನ ಮುಂದೆ. ಅವಳ ಕಿವಿ ಕೆಂಪಾಯಿತು.

“ಎಷ್ಟು ಹೊತ್ತಾಗುತ್ತೆ?” ಎಂದಳು, ನೆಲ ನೋಡುತ್ತ.

ಸಂಜೆಯಾಗುತ್ತದೆ ಎಂದಿದ್ದರೆ ಹಡಗು ಅವಳನ್ನು ಬಿಟ್ಟು ಹೋಗುತ್ತಿತ್ತು. ಆ ಸುಳ್ಳು ನಾಲಗೆಯ ತುದಿಗೆ ಬಂದಿತು. ಅವನು ನುಂಗಿದ.

“ಟ್ಯಾಂಕಿನ ತಳ ಬಸಿಯೋದೂ ಸೇರಿ ಒಂದು ಗಂಟೆ. ಹಡಗು ಸಿಗುತ್ತೆ.”

ಬಟ್ಟಲಿನ ನೀರನ್ನು ಚೆಲ್ಲದೆ ಒಂದು ಸೀಸೆಗೆ ಬಸಿದಿಟ್ಟ. ಟ್ಯಾಂಕಿನ ತಳವನ್ನೂ ಬಸಿದ. ಬಟ್ಟಲು ಒರೆಸಿ, ಸೋರದಂತೆ ಹೊಸ ಬೆಂಡಿನ ಉಂಗುರ ಕೂರಿಸಿ, ತಿರುಪು ಹಾಕಿದ. ಹೆಚ್ಚು ಬಿಗಿದರೆ ಗಾಜು ಸೀಳುತ್ತದೆ, ಬಿಗಿಯದಿದ್ದರೆ ಸೋರುತ್ತದೆ. ನಲ್ಲಿ ತೆರೆದಾಗ ಪೆಟ್ರೋಲು ಏರಿ ಬಟ್ಟಲು ತುಂಬಿತು. ಒಂದು ಹನಿಯೂ ಜಿನುಗಲಿಲ್ಲ.

ಇಂಜಿನ್ ಮೊದಲ ಸಲಕ್ಕೇ ಎದ್ದಿತು. ಬಂದರಿನಲ್ಲಿ ಹಡಗು ಕೂಗಿತು.

ಅವಳು ಒಳಗೆ ಕೂತು ಸ್ಟೀರಿಂಗ್ ಹಿಡಿದಳು. ಹೊರಡಲಿಲ್ಲ.

“ಮೇಸ್ತ್ರಿ, ನಿಮ್ಮ ಹೆಸರೇನು?”

“ಇದೇನು ಕೇಳ್ತೀರಿ? ಸ್ಟಮಾಟಿಸ್.”

“ಹೆಸರಲ್ಲೇ ಇಟ್ಟುಕೊಂಡಿರೋ ಮಾತು ಬಾಯಿಗೆ ಬರೋಕೆ ಎಷ್ಟು ವರ್ಷ ಬೇಕು?”

ಅವನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

“ನಿಲ್ಲಿ,” ಎಂದ. ಕಿಟಕಿಗೆ ಬಾಗಿದ. “ನಿಲ್ಲು, ಎವಾಂಥಿಯಾ.”

ಅವಳು ಕೀಲಿಯನ್ನು ಹಿಂದಕ್ಕೆ ತಿರುಗಿಸಿದಳು. ಪೆಟ್ರೋಲಿನಲ್ಲಿ ಹನಿ ನೀರಿಲ್ಲದಿದ್ದರೂ ಇಂಜಿನ್ ಐದನೇ ಸಲ ಅಲ್ಲೇ ನಿಂತಿತು.