ಯಜಮಾನರ ಕೊನೆಯ ಶಾಟ್

ಊಟದ ಬಿಡುವು ಮುಗಿದರೂ ಯಜಮಾನರು ಬರಲಿಲ್ಲವೆಂದು ಮೇಕಪ್ ಮಾಡುವಾಕೆ ಬಾಗಿಲು ತೆಗೆದಾಗ ಕನ್ನಡಿಯಲ್ಲಿ ಖಾಲಿ ಕುರ್ಚಿ ಕಂಡಿತು. ಆಮೇಲೆ ನೆಲ ನೋಡಿದಳು. ಕೈಯಲ್ಲಿದ್ದ ಪೌಡರ್ ಡಬ್ಬಿ ಜಾರಿತು.

ಯಜಮಾನರು ಕಬ್ಬಿಣದ ಮೇಜಿನ ಪಕ್ಕ ಬಿದ್ದಿದ್ದರು. ಬಿಳಿ ಗಡ್ಡ, ದಪ್ಪ ಕನ್ನಡಕ, ಕುತ್ತಿಗೆಗೆ ಮಫ್ಲರ್. ಬೆಳಿಗ್ಗೆ ಅವಳೇ ಅಂಟಿಸಿದ್ದ ಗಡ್ಡ ಒಂದಿಷ್ಟೂ ಅಲುಗಿರಲಿಲ್ಲ. ತಲೆಯ ಹಿಂದೆ ರಕ್ತ ಮಡುಗಟ್ಟಿತ್ತು.

ಕಳ್ಳ, ಕುರುಡ, ಕುಡುಕ, ಮಂತ್ರಿ, ಒಮ್ಮೆ ನಾಯಕಿಯ ಅಜ್ಜಿ ಕೂಡ! ಯಾವ ಪಾತ್ರ ಕೊಟ್ಟರೂ ಅದೇ ಆಗಿಬಿಡುತ್ತಿದ್ದ ನಟ. ಈ ಸಲ ಮರೆವು ಹತ್ತಿದ ಮುದಿ ಹೆಡ್‌ಮಾಸ್ಟರ್. ಆ ವೇಷದಲ್ಲೇ ಉಸಿರು ನಿಂತಿತ್ತು.

*

"ಕೊನೆಗೆ ಅವರನ್ನ ನೋಡಿದ್ದು ಯಾರು?" ಇನ್ಸ್‌ಪೆಕ್ಟರ್ ಕೇಳಿದಳು.

"ಇಡೀ ಯೂನಿಟ್ಟೇ ನೋಡಿದೆ ಮೇಡಂ," ಎಂದ ನಿರ್ದೇಶಕ. "ಊಟದ ಬಿಡುವಿಗೆ ಮುಂಚೆ ಒಂದು ಶಾಟ್ ಕೊಟ್ಟರು. ಮಾತಿಲ್ಲ. ಕಿಟಕಿ ಪಕ್ಕ ಕೂತು ಹೆಂಡತಿ ಸತ್ತ ಸುದ್ದಿ ಕೇಳೋದು. ಎಲ್ಲರೂ ಚಪ್ಪಾಳೆ ಹೊಡೆದರು. ಎದ್ದು ರೂಮಿಗೆ ಹೋದರು."

"ಯಾರ ಹತ್ತಿರಾನೂ ಮಾತಾಡಲಿಲ್ವಾ?"

"ವೇಷ ಹಾಕಿದ ಮೇಲೆ ಅವರು ಯಾರನ್ನೂ ಮಾತಾಡಿಸಲ್ಲ. ಕರೆಯದೆ ಅವರ ಬಾಗಿಲು ತೆಗೆಯೋ ಧೈರ್ಯಾನೂ ಯಾರಿಗೂ ಇಲ್ಲ."

"ಊಟದ ಹೊತ್ತಿಗೆ ಯಾರಾದರೂ ಆ ಕಡೆ ಹೋದರಾ?"

ನಿರ್ದೇಶಕ ಗೇಟಿನತ್ತ ನೋಡಿದ. "ಅವರ ಮಗ. ಬಾಗಿಲ ಮುಂದೆ ನಿಂತು ಕೂಗಾಡ್ತಿದ್ದ. 'ನಿಮ್ಮ ಆಟ ಇವತ್ತೇ ಮುಗಿಸ್ತೀನಿ' ಅಂದದ್ದನ್ನ ಊಟಕ್ಕೆ ಕೂತವರೆಲ್ಲ ಕೇಳಿದ್ದಾರೆ."

ಮಗನನ್ನು ಗೇಟಿನಲ್ಲೇ ತಡೆದು ನಿಲ್ಲಿಸಿದ್ದರು. ಮುಖ ಸುಣ್ಣ ಬಳಿದಂತಿತ್ತು.

"ನಾನು ಒಳಗೆ ಹೋಗಲೇ ಇಲ್ಲ. ಅಪ್ಪನಿಗೆ ಹೃದಯದ ತೊಂದರೆ. ಆಸ್ಪತ್ರೆಗೆ ಬನ್ನಿ ಅಂತ ಗೋಗರೆದು ಸಾಕಾಗಿತ್ತು. ಶೂಟಿಂಗೇ ನಿಲ್ಲಿಸ್ತೀನಿ ಅಂತ ಕೂಗಿದೆ. ಒಳಗಿಂದ ಹೂಂ, ಉಹೂಂ ಏನೂ ಬರಲಿಲ್ಲ. ಸಿಟ್ಟು ಬಂತು, ಹೊರಟುಬಿಟ್ಟೆ."

ಕಾನ್‌ಸ್ಟೆಬಲ್ ಇನ್ಸ್‌ಪೆಕ್ಟರ್ ಮುಖ ನೋಡಿದ. ಕೇಸು ಮುಗಿಯಿತು ಎಂಬ ನೋಟ. ಅವಳು ತಲೆಯಾಡಿಸಲಿಲ್ಲ. ರಕ್ತದ ಅಂಚು ಆಗಲೇ ಒಣಗಿ ಕಪ್ಪಾಗಿದ್ದುದು ಅವಳ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಹೆಣ ನೋಡಿದ ಡಾಕ್ಟರ್ ಮಾತ್ರ ಕೈ ಚೆಲ್ಲಿದ್ದರು. ಬೆಳಿಗ್ಗೆ ಸತ್ತಿರಬಹುದು, ಮಧ್ಯಾಹ್ನವೂ ಇರಬಹುದು, ಈಗಲೇ ಹೇಳಲಾಗದು.

*

ಯಜಮಾನರ ಡೂಪ್‌ನನ್ನು ಎಲ್ಲರೂ ಕರೆಯುತ್ತಿದ್ದುದು 'ನೆರಳು' ಎಂದು. ಅದೇ ಎತ್ತರ, ಅದೇ ಭುಜ. ದೂರದ ಶಾಟ್‌ಗಳಲ್ಲಿ ಅವರ ಬದಲು ನಡೆಯುವುದು, ಬೀಳುವುದು ಅವನ ಕೆಲಸ. ಇಪ್ಪತ್ತು ವರ್ಷದಿಂದ ಅದೇ.

"ಅವರು ನನಗೆ ದೇವರು ಮೇಡಂ," ಎಂದು ಬಿಕ್ಕಿದ.

"ಶಾಟ್ ನಡೆಯುವಾಗ ಎಲ್ಲಿದ್ದೆ?"

"ಇವತ್ತು ನನಗೆ ಕೆಲಸ ಇರಲಿಲ್ಲ. ಬಟ್ಟೆ ವ್ಯಾನಿನಲ್ಲಿ ಮಲಗಿಬಿಟ್ಟಿದ್ದೆ. ಊಟಕ್ಕೆ ಕರೆದಾಗಲೇ ಎದ್ದದ್ದು. ಆಮೇಲೆ ಎಲ್ಲರ ಜೊತೆಗೇ ಇದ್ದೆ, ಕೇಳಿ ನೋಡಿ."

ಕೇಳಿದರು. ನಿಜವೇ. ಊಟದುದ್ದಕ್ಕೂ ಅವನು ಪಂಕ್ತಿ ಬಿಟ್ಟು ಎದ್ದಿರಲಿಲ್ಲ.

"ಕೆನ್ನೆ ಯಾಕೆ ಕೆಂಪಾಗಿದೆ?"

ಅವನ ಕೈ ತಟ್ಟನೆ ಕಿವಿಯ ಹತ್ತಿರ ಹೋಯಿತು. "ಬ್ಲೇಡು ಹಳೇದು ಮೇಡಂ."

*

ಸಂಜೆಯ ಹೊತ್ತಿಗೆ ಯಜಮಾನರ ಹೆಂಡತಿ ಸ್ಟುಡಿಯೋಗೆ ಬಂದರು. ಕಣ್ಣು ಊದಿತ್ತು, ಬೆನ್ನು ಬಾಗಿರಲಿಲ್ಲ.

"ನನ್ನ ಮಗ ಬಾಯಿ ಜೋರು, ಅಷ್ಟೇ. ಅಪ್ಪನ ಮೈ ಮುಟ್ಟೋನಲ್ಲ. ಇವರ ಕೊನೆಯ ಶಾಟ್ ನನಗೆ ತೋರಿಸಿ."

ಎಡಿಟಿಂಗ್ ಕೋಣೆಯಲ್ಲಿ ಶಾಟ್ ಓಡಿತು. ಕಿಟಕಿಯ ಮಂದ ಬೆಳಕು. ಮುದುಕ ಸುದ್ದಿ ಕೇಳುತ್ತಾನೆ. ತಲೆ ತಗ್ಗಿಸುತ್ತಾನೆ. ಬಲಗೈಯಿಂದ ಎಡ ಮಣಿಕಟ್ಟನ್ನು ಮೆಲ್ಲಗೆ ಉಜ್ಜುತ್ತಾನೆ. ಇನ್ಸ್‌ಪೆಕ್ಟರ್ ಕೂಡ ಮುಂದಕ್ಕೆ ಬಾಗಿ ನೋಡಿದಳು.

ಹೆಂಡತಿ ಮಾತ್ರ ಕುರ್ಚಿಯಿಂದ ಎದ್ದು ನಿಂತಿದ್ದರು.

"ಇದು ಇವರಲ್ಲ."

"ಅಮ್ಮಾ?"

"ಆ ಉಜ್ಜೋದು ದೋಣಿಯವನದು. ಹಳೇ ಚಿತ್ರದಲ್ಲಿ ಇವರು ಮಾಡಿದ ಪಾತ್ರ. ಹಗ್ಗ ಎಳೆದೂ ಎಳೆದೂ ಅವನ ಮಣಿಕಟ್ಟು ಹುಣ್ಣಾಗಿರುತ್ತೆ. ದುಃಖ ಬಂದಾಗ ಅಲ್ಲೇ ಉಜ್ಜಿಕೊಳ್ತಾನೆ. ಜನ ಅದಕ್ಕೆ ಎಷ್ಟು ಅತ್ತರು! ಇನ್ನೊಂದು ಸಲ ಮಾಡಿ ಅಂತ ನಿರ್ಮಾಪಕರೆಲ್ಲ ಬೆನ್ನು ಹತ್ತಿದರು. ಇವರು ಜಪ್ಪಯ್ಯ ಅಂದರೂ ಮಾಡಲಿಲ್ಲ. 'ಅದು ಅವನ ಗಾಯ ಕಣೇ, ಇನ್ನೊಬ್ಬನಿಗೆ ಹೇಗೆ ಕೊಡಲಿ?' ಅನ್ನೋರು."

"ಹಾಗಾದರೆ ಈ ಹೆಡ್‌ಮಾಸ್ಟರಿಗೆ?"

"ಅಂಗಿ ಗುಂಡಿ. ಹಾಕೋದು, ಬಿಚ್ಚೋದು, ಮತ್ತೆ ಹಾಕೋದು. ಮನೇಲಿ ಅದನ್ನೇ ಮಾಡ್ತಾ ಓಡಾಡಿ ನನ್ನ ತಲೆ ತಿಂದಿದ್ದಾರೆ."

ಹಿಂದಿನ ದಿನಗಳ ಶಾಟ್ ಹಾಕಿಸಿದರು. ಮನಸ್ಸು ಕಲಕಿದಾಗಲೆಲ್ಲ ಮುದುಕನ ಬೆರಳು ಗುಂಡಿ ಹುಡುಕುತ್ತಿತ್ತು. ಮಣಿಕಟ್ಟಿನತ್ತ ಒಮ್ಮೆಯೂ ಹೋಗಿರಲಿಲ್ಲ.

ಇನ್ಸ್‌ಪೆಕ್ಟರ್ ಕಾನ್‌ಸ್ಟೆಬಲ್ ಕಿವಿಯಲ್ಲಿ ಏನೋ ಹೇಳಿದಳು. ಅವನು ವ್ಯಾನಿನತ್ತ ಓಡಿದ.

*

ಎಲ್ಲರನ್ನೂ ಸೆಟ್ಟಿನಲ್ಲಿ ಸೇರಿಸಿದಳು. ಮಗ ಕಾನ್‌ಸ್ಟೆಬಲ್ ಪಕ್ಕ ನಿಂತಿದ್ದ. ನೆರಳು ಕಂಬಕ್ಕೆ ಒರಗಿದ್ದ.

"ಆ ಶಾಟನ್ನ ತೆಗೆದುಹಾಕ್ತಾರಂತೆ," ಎಂದಳು ಇನ್ಸ್‌ಪೆಕ್ಟರ್. "ಸಪ್ಪೆಯಾಗಿದೆ. ಹಳೇ ಸರಕು."

ನಿರ್ದೇಶಕ ತಬ್ಬಿಬ್ಬಾಗಿ ಬಾಯಿ ತೆರೆದ. ಅವನಿಗಿಂತ ಮೊದಲು ಕಂಬದ ಕಡೆಯಿಂದ ಕೂಗು ಬಂತು.

"ಸಪ್ಪೆನಾ? ಲೈಟ್ ಹಿಡಿದೋನು ಕಣ್ಣು ಒರೆಸಿಕೊಳ್ತಿದ್ದ! ನಾನೇ ನೋಡಿದ್ದೀನಿ!"

ಇನ್ಸ್‌ಪೆಕ್ಟರ್ ನೆರಳಿನತ್ತ ತಿರುಗಿದಳು.

"ವ್ಯಾನಿನಲ್ಲಿ ಮಲಗಿದ್ದವನಿಗೆ ಲೈಟಿನವನ ಕಣ್ಣು ಹೇಗೆ ಕಾಣಿಸ್ತು?"

ನೆರಳು ಕಂಬ ಬಿಟ್ಟು ಹಿಂದೆ ಸರಿದ. ವ್ಯಾನಿನಲ್ಲಿ ಸಿಕ್ಕ, ಡೂಪ್‌ಗೆಂದು ಮಾಡಿಟ್ಟಿದ್ದ ಬಿಳಿ ಗಡ್ಡವನ್ನು ಕಾನ್‌ಸ್ಟೆಬಲ್ ಚೀಲದಿಂದ ತೆಗೆದ. ಅಂಟು ಇನ್ನೂ ಜಿಗುಟಾಗಿತ್ತು.

"ಇವತ್ತು ನಿನಗೆ ಕೆಲಸವಿರಲಿಲ್ಲ. ಗಡ್ಡ ಯಾಕೆ ಅಂಟಿಸಿದೆ? ಅವಸರದಲ್ಲಿ ಕಿತ್ತಿದ್ದಕ್ಕೇ ಕೆನ್ನೆ ಕೆಂಪಾಗಿದೆ. ಯಜಮಾನರು ಸತ್ತದ್ದು ಶಾಟ್‌ಗಿಂತ ಮೊದಲು. ಅದಕ್ಕೇ ರಕ್ತ ಒಣಗಿತ್ತು. ಮಗ ಕೂಗುವಾಗ ಒಳಗೆ ಉತ್ತರ ಕೊಡೋಕೆ ಜೀವವೇ ಇರಲಿಲ್ಲ. ಅವರು ಬದುಕಿದ್ದಾರೆ ಅಂತ ಎಲ್ಲರಿಗೂ ತೋರಿಸಿ, ಪಂಕ್ತೀಲಿ ಕೂತುಬಿಟ್ಟರೆ ನಿನ್ನನ್ನ ಯಾರೂ ಅನುಮಾನಿಸಲ್ಲ ಅಂದುಕೊಂಡೆ. ಮಾತಿಲ್ಲದ ಶಾಟ್ ನಿನಗೆ ಸಿಕ್ಕ ಅದೃಷ್ಟ."

ಅವನು ಕುಸಿದು ಕೂತ.

"ಮುಂದಿನ ಚಿತ್ರದಲ್ಲಿ ನನಗೊಂದು ಪಾತ್ರ ಅಂದಿದ್ದರು ನಿರ್ದೇಶಕರು. ಯಜಮಾನರು ಬೇಡ ಅಂದುಬಿಟ್ಟರು. ಯಾಕೆ ಅಂತ ಕೇಳೋಕೆ ಹೋದೆ. 'ನಿನಗೆ ನಾನಾಗೋಕೆ ಬರುತ್ತೆ, ಬೇರೆ ಯಾರೂ ಆಗೋಕೆ ಬರಲ್ಲ' ಅಂದರು. ತಳ್ಳಿದೆ. ಮೇಜಿನ ಅಂಚು... ಅಷ್ಟರಲ್ಲಿ ಹೊರಗಿಂದ 'ಶಾಟ್ ರೆಡಿ' ಅಂತ ಕೂಗಿದರು. ಹಿಂದಿನ ಬಾಗಿಲಿಂದ ವ್ಯಾನಿಗೆ ಓಡಿ ಅವರ ವೇಷ ಹಾಕಿಕೊಂಡೆ. ಶಾಟ್ ಮುಗಿಸಿ ರೂಮಿಗೆ ಬಂದು, ಅದೇ ಬಾಗಿಲಿಂದ ಮತ್ತೆ ವ್ಯಾನಿಗೆ ಹೋದೆ."

ಮಗ ಅವನತ್ತ ಎರಡು ಹೆಜ್ಜೆ ನುಗ್ಗಿದ. ಅಮ್ಮ ತೋಳು ಹಿಡಿದರು.

"ಬಿಡು. ಆಸ್ಪತ್ರೇಲಿ ಅಪ್ಪ ಒಬ್ಬರೇ ಇದ್ದಾರೆ."

*

ಮಾರನೆಯ ದಿನ ಶವಪರೀಕ್ಷೆ ಮುಗಿಯಿತು. ಮೇಕಪ್ ಮಾಡುವಾಕೆ ಹತ್ತಿ, ಎಣ್ಣೆ ಹಿಡಿದು ಆಸ್ಪತ್ರೆಗೆ ಬಂದಳು. ಯಾರೂ ಕರೆದಿರಲಿಲ್ಲ. ಗಡ್ಡದ ಅಂಚಿಗೆ ಎಣ್ಣೆ ಸವರಿ, ನೋವಾದೀತು ಎನ್ನುವಂತೆ ನಿಧಾನವಾಗಿ ಬಿಡಿಸಿದಳು. ಹುಬ್ಬಿನ ಬಿಳಿ ಬಣ್ಣ ಒರೆಸಿದಳು.

ಬಣ್ಣವಿಲ್ಲದ ಅಪ್ಪನ ಮುಖವನ್ನು ಇಷ್ಟು ಹತ್ತಿರದಿಂದ ಎಂದೂ ನೋಡಿರದ ಮಗ ಬಗ್ಗಿ ನೋಡಿದ. ಗದ್ದದ ಮೇಲೆ ಒಂದು ಸಣ್ಣ ಮಚ್ಚೆ.

"ಅಮ್ಮಾ, ಇದು ನನಗೂ ಇದೆ."

"ನೀನು ಹುಟ್ಟಿದ ದಿನ ಇವರು ಮೊದಲು ನೋಡಿದ್ದೇ ಅದನ್ನ," ಎಂದರು ಅಮ್ಮ.